ಮುಗಿಸಿದವರಿಗೆ ಮೂರು ವರ್ಷದ ಸಂಬಳ

ನಾನು ನೆಲೆಸಿರುವ ಇಂಗ್ಲೆಂಡಿನ ನಾರ್ವಿಚ್‌ನ ಪೂರ್ವಕ್ಕೆ ಬ್ರಾಡ್ಸ್ ಎಂಬ ಜೌಗು ಸೀಮೆಯಿದೆ. ಎಲ್ಲಿ ನೋಡಿದರೂ ನೀರು, ಜೊಂಡು. ಒಂದು ಕಾಲಕ್ಕೆ ಇಲ್ಲಿ ಕೊಯ್ಪುಗಳು ತುಂಬಿಕೊಂಡಿದ್ದವು. ಆರೇಳು ಕಿಲೋ ತೂಗುವ, ಕಿತ್ತಳೆ ಬಣ್ಣದ ಹಲ್ಲಿನ ದಂಶಕ ಅದು. ನಮ್ಮ ಹೆಗ್ಗಣ ನಾಯಿಮರಿಯಷ್ಟು ಬೆಳೆದು ಈಜಲು ಕಲಿತಂತೆ.

ದಕ್ಷಿಣ ಅಮೆರಿಕದ ಈ ಪ್ರಾಣಿಯನ್ನು 1929ರಲ್ಲಿ ಇಂಗ್ಲೆಂಡಿಗೆ ತಂದದ್ದು ತುಪ್ಪಳದ ಆಸೆಗೆ. ಮಹಾಯುದ್ಧದ ಹೊತ್ತಿಗೆ ಫಾರಂಗಳು ಮುಚ್ಚಿದವು, ತಪ್ಪಿಸಿಕೊಂಡವು ಉಳಿದುಕೊಂಡವು. ಜೊಂಡಿನ ಬುಡ ತಿಂದವು, ಸಕ್ಕರೆ ಬೀಟ್ ಹೊಲಕ್ಕೆ ನುಗ್ಗಿದವು, ಏರಿಗಳಲ್ಲಿ ಬಿಲ ತೋಡಿದವು. ತಗ್ಗು ನೆಲದವರಿಗೆ ಏರಿಯೇ ಜೀವ. 1962ರಲ್ಲಿ ದೊಡ್ಡದಾಗಿ ಬೋನು ಹಾಕಿಸಿದರು. ಅದೇ ಚಳಿಗಾಲದ ಭೀಕರ ಹಿಮಕ್ಕೂ ಬಹುಪಾಲು ಸತ್ತವು. ಆದರೆ ಎಪ್ಪತ್ತರ ದಶಕದ ಸೌಮ್ಯ ಚಳಿಯಲ್ಲಿ ಮತ್ತೆ ತುಂಬಿಕೊಂಡವು.

ಪೂರ್ತಿ ನಿರ್ಮೂಲ ಮಾಡಬೇಕೆಂದು 1981ರಲ್ಲಿ 24 ಮಂದಿಯನ್ನು ನೇಮಿಸಿದರು, ಹತ್ತು ವರ್ಷದ ಗಡುವಿಗೆ. ನನಗೆ ಈ ಇತಿಹಾಸದಲ್ಲಿ ಎಲ್ಲಕ್ಕಿಂತ ಹಿಡಿಸಿದ್ದು ಇಲ್ಲಿಂದ ಮುಂದಿನದು. ನಮ್ಮಪ್ಪ ನಾಲೆಯ ಹೂಳೆತ್ತುವ ದಿನಗೂಲಿ. ಹೂಳು ಮುಗಿದ ದಿನವೇ ಕೂಲಿಯೂ ಮುಗಿಯಿತು ಎಂಬುದು ಅಂಥ ಮನೆಯಲ್ಲಿ ಬೆಳೆದವರಿಗೆ ಹೇಳಿಕೊಡಬೇಕಾದ ಪಾಠವಲ್ಲ. ಕಡೆಯ ಕೊಯ್ಪುವನ್ನು ಹಿಡಿದವನು ತನ್ನ ಅನ್ನಕ್ಕೂ ಅಂದೇ ಕಲ್ಲು ಹಾಕಿಕೊಂಡಂತೆ. ಯೋಜನೆ ಹಾಕಿದವರು ಇದನ್ನು ಮೊದಲೇ ಯೋಚಿಸಿದ್ದರು. ಬೇಗ ಮುಗಿಸಿದರೆ ಗರಿಷ್ಠ ಮೂರು ವರ್ಷದ ಸಂಬಳದಷ್ಟು ಬೋನಸ್. ತಡವಾದಷ್ಟೂ ಅದು ಇಳಿಯುತ್ತದೆ. ಕೂಲಿಯವನ ಹೊಟ್ಟೆಯ ಲೆಕ್ಕವನ್ನು ಸರ್ಕಾರಿ ಕಡತಕ್ಕೆ ಸೇರಿಸಿದವರ ಬಗ್ಗೆ ನನಗೆ ನಿಜವಾದ ಗೌರವವಿದೆ.

ಅಮೆರಿಕದ ಲೂಸಿಯಾನಾದಲ್ಲಿ ಇದೇ ಪ್ರಾಣಿಗೆ ನ್ಯೂಟ್ರಿಯಾ ಎನ್ನುತ್ತಾರೆ. ಅಲ್ಲಿ 2002ರಿಂದ ಬಾಲವೊಂದಕ್ಕೆ ಇಷ್ಟೆಂದು ಹಣ: ಮೊದಲು 4 ಡಾಲರ್, ಮುಂದೆ 5, ಆಮೇಲೆ 6. ಅಲ್ಲಿಯ ಕರಾವಳಿ ಜೌಗು ಬಲು ವಿಶಾಲ, ನಿರ್ಮೂಲ ಅವರ ಗುರಿಯೂ ಅಲ್ಲ, ಹತೋಟಿಯಷ್ಟೇ. ಆದರೂ ಬಾಲಕ್ಕೆ ಬೆಲೆ ಕಟ್ಟಿದಾಗ ಬೇಟೆಗಾರನಿಗೆ ಮುಂದಿನ ವರ್ಷಕ್ಕೂ ಬಾಲಗಳು ಬೇಕಾಗುತ್ತವೆ.

ಬ್ರಾಡ್ಸ್‌ನ ಆ 24 ಮಂದಿ ತೇಲುವ ತೆಪ್ಪಗಳ ಮೇಲೆ ಬೋನಿಟ್ಟರು. ಜೀವಂತ ಹಿಡಿಯುವ ಬೋನಾದ್ದರಿಂದ ಬೇರೆ ಪ್ರಾಣಿ ಸಿಕ್ಕರೆ ಬಿಟ್ಟುಬಿಡಬಹುದಿತ್ತು. ಕೊನೆಕೊನೆಗೆ ಖಾಲಿ ಬೋನುಗಳನ್ನೇ ತಿಂಗಳುಗಟ್ಟಲೆ ತಪಾಸಣೆ ಮಾಡಿದರು. ಕೊಯ್ಪು ಇಲ್ಲವಾಯಿತೆಂದು ಸರ್ಕಾರ ಘೋಷಿಸಿದ್ದು 1989ರ ಜನವರಿಯಲ್ಲಿ, ಗಡುವಿಗೆ ಇನ್ನೂ ಎರಡು ವರ್ಷ ಇರುವಾಗಲೇ.