ಮರುಕಳಿಸುವ ಕ್ಯಾನ್ಸರ್ ಮತ್ತು ಆರೋಗ್ಯ ವಿಮೆ

ಸ್ತನ, ಅಂಡಾಶಯ ಮೊದಲಾದ ಅಂಗಗಳ ಕ್ಯಾನ್ಸರ್ ವಾಸಿಯಾಗಿ ವರ್ಷಗಳು ಕಳೆದ ಮೇಲೂ ಮರುಕಳಿಸುವುದುಂಟು. ಆಗ ಕೈಯಲ್ಲಿರುವ ಪಾಲಿಸಿ ಯಾವ ಬಗೆಯದೆಂಬುದು ಮುಖ್ಯವಾಗುತ್ತದೆ. 'ಕ್ರಿಟಿಕಲ್ ಇಲ್‌ನೆಸ್' ಪಾಲಿಸಿ ಸಾಮಾನ್ಯವಾಗಿ ರೋಗ ಮೊದಲ ಬಾರಿ ಪತ್ತೆಯಾದಾಗ ಇಡಿಗಂಟು ನೀಡಿ ಅಲ್ಲಿಗೇ ಮುಗಿಯುತ್ತದೆ. ಮರುಕಳಿಕೆಗೆ ಅದರಿಂದ ಬಿಡಿಗಾಸೂ ದೊರೆಯದು. ಆಸ್ಪತ್ರೆ ವೆಚ್ಚ ಭರಿಸುವ ಆರೋಗ್ಯ ವಿಮೆ ಹಾಗಲ್ಲ. ಹಿಂದೆ ಕ್ಲೇಮು ಪಡೆದಿದ್ದರೆಂಬ ಕಾರಣಕ್ಕೆ ಅದರ ನವೀಕರಣವನ್ನು ಕಂಪನಿ ನಿರಾಕರಿಸುವಂತಿಲ್ಲ. ಆದ್ದರಿಂದ ರೋಗ ವಾಸಿಯಾಯಿತೆಂದು ಕಂತು ಕಟ್ಟುವುದನ್ನು ನಿಲ್ಲಿಸುವುದು ಅಪಾಯಕರ. ಮುಂದೆ ಹೊಸ ಪಾಲಿಸಿ ಸಿಕ್ಕರೂ ಹಳೆಯ ಕಾಯಿಲೆಗೆ 36 ತಿಂಗಳವರೆಗೆ ಕಾಯಬೇಕಾದೀತು. 2024ರ ಏಪ್ರಿಲ್‌ಗೆ ಮುನ್ನ ಈ ಮಿತಿ 48 ತಿಂಗಳಿತ್ತು. ಅರ್ಜಿಯಲ್ಲಿ ಕ್ಯಾನ್ಸರ್ ಇತಿಹಾಸ ಮುಚ್ಚಿಟ್ಟರಂತೂ ಕ್ಲೇಮು ತಿರಸ್ಕೃತವಾಗುವ ಸಂಭವವೇ ಹೆಚ್ಚು.

ಕೀಮೋಥೆರಪಿ ಮಾತ್ರೆ, ಇಮ್ಯುನೋಥೆರಪಿ ಚುಚ್ಚುಮದ್ದುಗಳನ್ನು ಪಾಲಿಸಿಯಿಂದ ಹೊರಗಿಡುವಂತಿಲ್ಲವೆಂದು ವಿಮಾ ನಿಯಂತ್ರಣ ಪ್ರಾಧಿಕಾರವು 2019ರಲ್ಲಿ ಸೂಚಿಸಿತು. ಆದರೆ ಉಪಮಿತಿ ಹೇರಲು ಅವಕಾಶ ಉಳಿಯಿತು. ಐದು ಲಕ್ಷದ ಪಾಲಿಸಿಯ ಬಲ ಕರಗುವುದು ಇಂಥ ಸಣ್ಣಕ್ಷರದ ಸಾಲುಗಳಲ್ಲೇ.

ಕಾಗದಪತ್ರಗಳ ಓಡಾಟವನ್ನು ಬಳಲಿದ ರೋಗಿಗೆ ಬಿಡದೆ ಮನೆಯವರೊಬ್ಬರು ವಹಿಸಿಕೊಳ್ಳುವುದು ಲೇಸು. ಕ್ಲೇಮು ನಿರಾಕರಿಸಿದರೆ ಲಿಖಿತ ಕಾರಣ ಪಡೆದು ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಬೇಕು. ಅಲ್ಲಿಯೂ ಪರಿಹಾರ ಸಿಗದಿದ್ದರೆ ರಾಜ್ಯದವರು ಒಂದು ವರ್ಷದೊಳಗೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್‌ಗೆ ದೂರು ಸಲ್ಲಿಸಬಹುದು. ಶುಲ್ಕವಿಲ್ಲ, ವಕೀಲರ ಅಗತ್ಯವೂ ಇಲ್ಲ.