ನಾಗಸ್ವರ

ನಾಗಸ್ವರ ದಕ್ಷಿಣ ಭಾರತದ ದೇವಾಲಯಗಳಲ್ಲೂ ಶುಭಕಾರ್ಯಗಳಲ್ಲೂ ನುಡಿಸುವ ಮುಖ್ಯ ಸುಷಿರವಾದ್ಯ. ನಾದಸ್ವರ ಎಂದೂ ಕರೆಯುತ್ತಾರೆ. ಕರ್ನಾಟಕದಲ್ಲಿ ಇದನ್ನೂ ಇದರ ಜೊತೆಗಾರ ಡೋಲನ್ನೂ ಸೇರಿಸಿ ಜನ ಓಲಗ ಅಥವಾ ವಾಲಗ ಎನ್ನುವುದು ರೂಢಿ. ಇದು ಬಯಲಿನ ವಾದ್ಯ. ರಥಬೀದಿಯ ಗದ್ದಲವನ್ನು ಮೀರಿ ಕೇಳಿಸುವಷ್ಟು ದೊಡ್ಡ ದನಿ ಇದರದು.

ಕೊಳವೆಯನ್ನು ಆಚ್ಚಾ ಮರದಲ್ಲಿ (ಕನ್ನಡದಲ್ಲಿ ಕಮರ) ಕಡೆಯುತ್ತಾರೆ. ಹಸಿಮರ ಒಣಗುವಾಗ ಸೊಟ್ಟಗಾಗಿ ಶ್ರುತಿ ಕೆಡುವುದರಿಂದ ಹಳೆಯ ಮನೆಗಳ ತೊಲೆ-ಕಂಬಗಳಿಗೇ ಬೇಡಿಕೆ. ಕುಂಭಕೋಣದ ಬಳಿಯ ನರಸಿಂಗಪೇಟೆ ಈ ಕೆಲಸಕ್ಕೆ ಹೆಸರಾದ ಊರು. ಅಲ್ಲಿನ ನಾಗಸ್ವರಕ್ಕೆ 2022ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. ಕೊಳವೆಯ ತುದಿಗೆ ಅಗಲ ಬಾಯಿಯ ಅಣಸು, ತಲೆಗೆ ಜೊಂಡಿನ ಸೀವಾಳಿ. ಬೆರಳಾಡುವುದು ಏಳು ರಂಧ್ರಗಳ ಮೇಲೆ. ಕೆಳಗಿನ ಐದನ್ನು ನುಡಿಸುವುದಿಲ್ಲ, ಶ್ರುತಿ ಹೊಂದಿಸಲು ಮೇಣ ತುಂಬುತ್ತಾರೆ. ಗಮಕದ ಗುಟ್ಟಿರುವುದು ಬೆರಳಿಗಿಂತ ಹೆಚ್ಚಾಗಿ ತುಟಿಯ ಒತ್ತಡ ಮತ್ತು ಉಸಿರಿನ ಹದದಲ್ಲಿ. ಈ ವಾದ್ಯ ಕಲಿಯಲು ಕಷ್ಟವಾಗುವುದೂ ಇಲ್ಲಿಯೇ. ಶ್ರುತಿ ಹಿಡಿಯುತ್ತಿದ್ದ ಒತ್ತು ಎಂಬ ಜೊತೆವಾದ್ಯದ ಜಾಗಕ್ಕೆ ಈಗ ಶ್ರುತಿಪೆಟ್ಟಿಗೆ ಬಂದಿದೆ.

ಯಾವ ಹೊತ್ತಿಗೆ ಏನು ನುಡಿಸಬೇಕೆಂಬುದನ್ನು ದೇವಾಲಯದ ಸಂಪ್ರದಾಯವೇ ಗೊತ್ತುಮಾಡಿದೆ. ಉತ್ಸವಮೂರ್ತಿ ಹೊರಡುವಾಗ ಗಂಭೀರನಾಟ ರಾಗದಲ್ಲಿ ಮಲ್ಲಾರಿ ಎಂಬ ರಚನೆ, ರಾತ್ರಿ ಶಯನಸೇವೆಗೆ ನೀಲಾಂಬರಿ ರಾಗ. ಬೀದಿಯ ಮೆರವಣಿಗೆಗೆ ಗಂಟೆಗಟ್ಟಲೆ ನಿಲ್ಲುವ ಪುರುಸೊತ್ತು ಇದ್ದುದರಿಂದಲೇ ರಾಗಾಲಾಪನೆ ಇಲ್ಲಿ ಅಷ್ಟು ವಿಸ್ತಾರವಾಗಿ ಬೆಳೆಯಿತು. ಮದುವೆಯಲ್ಲಿ ತಾಳಿ ಕಟ್ಟುವ ಕ್ಷಣಕ್ಕೆ ಪುರೋಹಿತರು "ಗಟ್ಟಿಮೇಳ" ಎಂದು ಕೂಗಿದೊಡನೆ ರಾಗದ ನಯ ಬಿಟ್ಟು ವಾಲಗ ಒಮ್ಮೆಲೇ ಜೋರಾಗುತ್ತದೆ. ಅಮಂಗಳದ ಯಾವ ಸದ್ದೂ ಕಿವಿಗೆ ಬೀಳದಿರಲಿ ಎಂಬುದು ನಂಬಿಕೆ.

ವಾದ್ಯ ಮಂಗಳಕರವೆನಿಸಿದರೂ ನುಡಿಸುವವರಿಗೆ ಆ ಗೌರವ ಸಿಗಲಿಲ್ಲ. ಹಾಡುಗಾರರು ವೇದಿಕೆಯಲ್ಲಿ ಕೂತು ಕಛೇರಿ ಮಾಡುವ ಕಾಲದಲ್ಲೂ ವಾಲಗದವರು ನಿಂತೋ ನಡೆಯುತ್ತಲೋ ಊದಬೇಕಿತ್ತು. ಇದನ್ನು ಒಪ್ಪದೆ ಕಛೇರಿಯ ಸ್ಥಾನ ಕೇಳಿ ಪಡೆದವರು ಟಿ.ಎನ್. ರಾಜರತ್ನಂ ಪಿಳ್ಳೈ (1898–1956). ಏರುಶ್ರುತಿಯ ಗಿಡ್ಡ ತಿಮಿರಿಯ ಬದಲು ತಗ್ಗುಶ್ರುತಿಯ ಉದ್ದನೆಯ ಬಾರಿ ನಾಗಸ್ವರ ನೆಲೆಗೊಂಡದ್ದೂ ಇವರಿಂದ. ಇವರ ತೋಡಿ ರಾಗ ಇಂದಿಗೂ ಮಾತಿಗೆ ಬರುತ್ತದೆ. ಆಂಧ್ರದಲ್ಲಿ ಹುಟ್ಟಿ ಶ್ರೀರಂಗದಲ್ಲಿ ನೆಲೆಸಿದ ಶೇಖ್ ಚಿನ್ನ ಮೌಲಾನಾ (1924–1999) ಮುಸ್ಲಿಮರಾಗಿದ್ದುಕೊಂಡೇ ತ್ಯಾಗರಾಜರ ಕೃತಿಗಳನ್ನು ಬದುಕಿನುದ್ದಕ್ಕೂ ನುಡಿಸಿದರು. ಮದರಾಸಿನ ಸಂಗೀತ ಅಕಾಡೆಮಿ ಅವರಿಗೆ 1998ರಲ್ಲಿ ಸಂಗೀತ ಕಲಾನಿಧಿ ಬಿರುದು ನೀಡಿತು. ರಾಜರತ್ನಂ ಅವರಿಗೆ ಆ ಬಿರುದು ಬರಲೇ ಇಲ್ಲ.