ಸಾಮು: ಬಲವೂ ವೇಗವೂ

‘ಸಾಮು’ ಎಂಬುದು ನಮ್ಮ ಸೀಮೆಯ ಮಾತು. ಸವದತ್ತಿ, ಬೈಲಹೊಂಗಲ, ಕಿತ್ತೂರು, ರಾಮದುರ್ಗಗಳ ಹಳ್ಳಿಗಳಲ್ಲಿ ಹಿರಿಯರು ‘ವ್ಯಾಯಾಮ ಮಾಡುತ್ತಾನೆ’ ಎನ್ನುವುದಿಲ್ಲ. ‘ಹುಡುಗ ಸಾಮು ತೆಗೀತಾನ’ ಎನ್ನುತ್ತಾರೆ. ಇದು ಸಂಸ್ಕೃತದ ‘ಶ್ರಮ’ ಶಬ್ದದ ತದ್ಭವವೆಂದು ನಾನು ತಿಳಿದಿದ್ದೇನೆ. ಇಂದು ಶ್ರಮವೆಂದರೆ ನಮಗೆ ದಣಿವು, ದುಡಿಮೆ. ಹಳೆಯ ಗ್ರಂಥಗಳಲ್ಲಿ ಅದಕ್ಕೆ ಅಭ್ಯಾಸವೆಂಬ ಅರ್ಥವೂ ಉಂಟು: ಮೈಯನ್ನು ಹುರಿಗೊಳಿಸುವ, ಕೈಯನ್ನು ಪಳಗಿಸುವ ಅಭ್ಯಾಸ. ದಣಿವು ಬೇರೆ, ಅಭ್ಯಾಸ ಬೇರೆ. ಎಳೆಯ ವಯಸ್ಸಿನವರಿಗೆ ಬಲವನ್ನೂ ವೇಗವನ್ನೂ ಕಲಿಸುವ ಪ್ರಶ್ನೆಯಲ್ಲಿ ಈ ಭೇದವನ್ನು ಮರೆತವರು ಬಹು ಮಂದಿ. ಒಂದು ದಿನದ ಮಟ್ಟಿಗೆ ನಾನೂ ಮರೆತಿದ್ದೆ. ಅದನ್ನು ಮುಂದೆ ಹೇಳುವೆ.

ಸವದತ್ತಿಯ ಹಳೆಯ ಹೆಸರು ಸುಗಂಧವರ್ತಿ. ಇಲ್ಲಿ ಆಳಿದ ರಟ್ಟರು ಕಲ್ಯಾಣದ ಚಾಲುಕ್ಯರಿಗೆ ಮಹಾಮಂಡಲೇಶ್ವರರಾಗಿದ್ದರು. ಆ ಚಾಲುಕ್ಯರಲ್ಲಿ ಸರ್ವಜ್ಞನೆಂಬ ಬಿರುದಾಂಕಿತನಾದ ಮೂರನೆಯ ಸೋಮೇಶ್ವರ 12ನೆಯ ಶತಮಾನದ ಮೊದಲರ್ಧದಲ್ಲಿ ‘ಮಾನಸೋಲ್ಲಾಸ’ವನ್ನು ರಚಿಸಿದ. ನೂರು ಅಧ್ಯಾಯಗಳ ಆ ಗ್ರಂಥದಲ್ಲಿ ಅಡುಗೆಯಿಂದ ಆನೆಯವರೆಗೆ ಎಲ್ಲವೂ ಇದೆ. ‘ಮಲ್ಲವಿನೋದ’ ಎಂಬ ಅಧ್ಯಾಯವೂ ಇದೆ. ನಮ್ಮ ಊರಿನ ಅಧಿರಾಜರ ಮನೆಯಲ್ಲಿ ಹುಟ್ಟಿದ ಪುಸ್ತಕವಾದ್ದರಿಂದ ಅದರ ಬಗ್ಗೆ ನನಗೆ ತುಸು ಮಮತೆ ಹೆಚ್ಚು.

ಸೋಮೇಶ್ವರನು ಮಲ್ಲರನ್ನು ವಯಸ್ಸು, ಮೈಕಟ್ಟು, ಬಲ ಈ ಮೂರನ್ನೂ ನೋಡಿ ವರ್ಗೀಕರಿಸುತ್ತಾನೆ. ಇನ್ನೂ ಹರೆಯದಲ್ಲಿರುವ ಮಲ್ಲನಿಗೆ ಅಲ್ಲಿ ಬರುವ ಹೆಸರು ‘ಭವಿಷ್ಣು’. ಆಗುತ್ತಿರುವವನು, ಆಗಲಿರುವವನು ಎಂದು ಅದರ ಅರ್ಥ. ಈ ಒಂದು ಶಬ್ದಕ್ಕಾಗಿಯೇ ಆ ಅಧ್ಯಾಯವನ್ನು ಓದಬಹುದು. ಅವನನ್ನು ಚಿಕ್ಕ ಮಲ್ಲನೆಂದು ಕರೆಯಲಿಲ್ಲ, ದುರ್ಬಲನೆಂದೂ ಕರೆಯಲಿಲ್ಲ. ಬೆಳೆದವನ ಅಳತೆಗೋಲಿನಿಂದ ಅಳೆಯದೆ ಅವನಿಗೆ ಬೇರೆಯೇ ಒಂದು ಸ್ಥಾನವನ್ನು ಕೊಟ್ಟರು. ಸಾಧನೆಗಳ ಹೆಸರುಗಳೂ ಅಲ್ಲಿವೆ: ಭಾರಶ್ರಮ, ಭ್ರಮಣಶ್ರಮ, ಸಲಿಲಶ್ರಮ, ಸ್ತಂಭಶ್ರಮ. ಭಾರವನ್ನೆತ್ತುವುದು, ನಡೆಯುವುದು, ನೀರಿಗಿಳಿದು ಮೈಯಾಡಿಸುವುದು, ಕಂಬದ ಮೇಲೆ ಕಸರತ್ತು ಮಾಡುವುದು. ನಾಲ್ಕರಲ್ಲಿ ಭಾರದ ಪಾಲು ಒಂದೇ ಎಂಬುದನ್ನು ಗಮನಿಸಬೇಕು. ಮಲ್ಲರ ಊಟದ ಹೊಣೆಯನ್ನೂ ಅರಸನೇ ಹೊರಬೇಕೆಂದು ಹೇಳಿದೆ: ಬೇಳೆಕಾಳು, ಮಾಂಸ, ಹಾಲು, ಸಕ್ಕರೆ, ಭಕ್ಷ್ಯಗಳು. ಖುರಾಕು ಇಲ್ಲದ ಸಾಮು ಮೈಯನ್ನು ತಿನ್ನುತ್ತದೆಂಬುದು ಅಂದಿನವರಿಗೂ ಗೊತ್ತಿತ್ತು.

ಬಲ ಮತ್ತು ಚಾತುರ್ಯಗಳ ಜಗಳ ಇದಕ್ಕಿಂತ ಹಳೆಯದು. ವ್ಯಾಸಭಾರತದ ಶಲ್ಯಪರ್ವದಲ್ಲಿ ಭೀಮ ದುರ್ಯೋಧನರ ಗದಾಯುದ್ಧದ ಹೊತ್ತಿಗೆ ಶ್ರೀಕೃಷ್ಣನಿಗೇ ಅಳುಕು ಹುಟ್ಟುತ್ತದೆ. ಭೀಮನಿಗೆ ಬಲವುಂಟು, ಆದರೆ ದುರ್ಯೋಧನ ಹದಿಮೂರು ವರ್ಷ ಭೀಮನ ಉಕ್ಕಿನ ಪ್ರತಿಮೆಯನ್ನಿಟ್ಟುಕೊಂಡು ಅಭ್ಯಾಸ ಮಾಡಿದವನು. ಬಲಶಾಲಿ ಮತ್ತು ಕುಶಲಿ ಎದುರಾದಾಗ ಕುಶಲಿಯೇ ಮೇಲು ಎಂಬುದು ಕೃಷ್ಣನ ಎಣಿಕೆ. ನಮ್ಮ ನೆರೆಯ ಮುಧೋಳದ ರನ್ನ ಇದೇ ಪ್ರಸಂಗವನ್ನು ಕನ್ನಡದಲ್ಲಿ ಗದಾಯುದ್ಧ ಕಾವ್ಯವಾಗಿಸಿದ್ದು ಎಲ್ಲರಿಗೂ ಗೊತ್ತು. ಗರಡಿಗಳ ಸೀಮೆಯ ಕವಿ ಈ ವಸ್ತುವನ್ನು ಆರಿಸಿಕೊಂಡದ್ದು ಕೇವಲ ಆಕಸ್ಮಿಕವೆನ್ನಲು ನನ್ನ ಮನಸ್ಸು ಒಪ್ಪದು. ಇದು ಸ್ವಂತ ಊಹೆ, ಪಂಡಿತರು ಮನ್ನಿಸಬೇಕು.

ವಿಜಯನಗರದ ಕಾಲಕ್ಕೆ ಬಂದರೆ ಕಣ್ಣಾರೆ ಕಂಡವನ ಸಾಕ್ಷ್ಯವೇ ಸಿಗುತ್ತದೆ. 1520ರ ಸುಮಾರಿನಲ್ಲಿ ಬಂದ ಪೋರ್ತುಗೀಜ ಪ್ರವಾಸಿ ಡೊಮಿಂಗೊ ಪಾಯೆಸ್ ಕೃಷ್ಣದೇವರಾಯನ ದಿನಚರಿಯನ್ನು ಬರೆದಿಟ್ಟಿದ್ದಾನೆ. ರಾಯನು ಬೆಳಕು ಹರಿಯುವ ಮುನ್ನವೇ ಎದ್ದು, ಅರ್ಧ ಲೀಟರಿಗೆ ತುಸು ಕಡಿಮೆ ಎಳ್ಳೆಣ್ಣೆಯನ್ನು ಕುಡಿದು, ಅದೇ ಎಣ್ಣೆಯನ್ನು ಮೈಗೆಲ್ಲ ಪೂಸಿಕೊಳ್ಳುತ್ತಿದ್ದನಂತೆ. ಆಮೇಲೆ ಮಣ್ಣಿನಿಂದ ಮಾಡಿ ಸುಟ್ಟ ದೊಡ್ಡ ಭಾರಗಳನ್ನು ತೋಳುಗಳಲ್ಲಿ ಹಿಡಿದು ಸಾಧನೆ. ಆಮೇಲೆ ಎಣ್ಣೆಯೆಲ್ಲ ಬೆವರಾಗಿ ಹೊರಬರುವವರೆಗೆ ಕತ್ತಿ ವರಸೆ. ಆಮೇಲೆ ತನ್ನ ಜಟ್ಟಿಗಳಲ್ಲೊಬ್ಬನೊಡನೆ ಕುಸ್ತಿ. ಕೊನೆಗೆ ಕುದುರೆಯೇರಿ ಬಯಲಿನಲ್ಲಿ ಹೊತ್ತು ಮೂಡುವವರೆಗೆ ಸವಾರಿ. ಎಣ್ಣೆ ಕುಡಿದದ್ದನ್ನು ಕಂಡು ಓದುಗರು ಬೆರಗಾಗುತ್ತಾರೆ. ನನಗೆ ಬೆರಗೆನಿಸಿದ್ದು ಆ ಕ್ರಮ. ಮೊದಲು ನಿಧಾನದ ಭಾರ, ಅನಂತರ ಚುರುಕಿನ ಕತ್ತಿ, ಅನಂತರ ಎರಡೂ ಕೂಡಿದ ಕುಸ್ತಿ, ಕಡೆಗೆ ಓಟ. ಬಲವನ್ನು ವೇಗವನ್ನಾಗಿ ಮಾರ್ಪಡಿಸುವ ಉಪಾಯ ಇದರಲ್ಲಿದೆ. ಆದರೆ ಇದು ಬೆಳೆದ ಗಂಡಸಿನ ಸಾಮು, ಭವಿಷ್ಣುವಿನದಲ್ಲ.

ನಮ್ಮ ಸೀಮೆಯ ಮಾತು ಬಂದಾಗ ಸಂಗೊಳ್ಳಿಯ ರಾಯಣ್ಣನನ್ನು ಬಿಡುವಂತಿಲ್ಲ. ಜನ ಅವನ ಗರಡಿಯನ್ನು ನೆನೆಯುತ್ತಾರೆ, ಅವನೆತ್ತಿದ ಕಲ್ಲನ್ನು ನೆನೆಯುತ್ತಾರೆ. ಎತ್ತಿರಬಹುದು. ಆದರೆ 1824ರಲ್ಲಿ ಕಿತ್ತೂರು ಬಿದ್ದ ಮೇಲೆ, 1830ರಲ್ಲಿ ಅವನು ಕಂಪನಿ ಸರಕಾರವನ್ನು ಕಂಗೆಡಿಸಿದ್ದು ಕಲ್ಲಿನಿಂದಲ್ಲ, ಕಾಲಿನಿಂದ. ಕಿತ್ತೂರು ಖಾನಾಪುರಗಳ ನಡುವಣ ಕಾಡಿನಲ್ಲಿ ಇಂದು ಇಲ್ಲಿ, ನಾಳೆ ಅಲ್ಲಿ ಎಂದು ತಿರುಗಿದ ಆ ದಂಡಿನ ಬಲವೆಲ್ಲ ವೇಗದಲ್ಲಿತ್ತು. 1831ರ ಜನವರಿಯಲ್ಲಿ ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು. ಹಾಡು ಕಲ್ಲನ್ನು ಹೆಚ್ಚು ನೆನಪಿಡುತ್ತದೆ. ಓಡಿದ ಹೆಜ್ಜೆಯನ್ನು ಹಾಡುವುದು ಕಷ್ಟ.

ಇನ್ನೊಬ್ಬ ಓಟಗಾರನನ್ನಂತೂ ನಾವು ಸಂಪೂರ್ಣವಾಗಿ ಮರೆತಿದ್ದೇವೆ. ಬೆಳಗಾವಿಯ ಫಡೆಪ್ಪ ದಾರೆಪ್ಪ ಚೌಗುಲೆ 1920ರಲ್ಲಿ ಬೆಲ್ಜಿಯಮ್ಮಿನ ಆಂಟ್‌ವರ್ಪ್ ಒಲಿಂಪಿಕ್ಸಿನ ಮ್ಯಾರಥಾನ್ ಓಡಿದವರು. ಪುಣೆಯ ಡೆಕ್ಕನ್ ಜಿಮಖಾನಾದ ಪಂದ್ಯಗಳಲ್ಲಿ ಬರಿಗಾಲಲ್ಲಿ ಓಡಿದ ರೈತಮಕ್ಕಳ ವೇಗವನ್ನು ಕಂಡು ಬೆರಗಾದ ದೊರಾಬ್ಜಿ ಟಾಟಾ, ಮುಂಬಯಿ ಗವರ್ನರರ ನೆರವಿನಿಂದ ನಾಲ್ವರು ಓಟಗಾರರನ್ನೂ ಇಬ್ಬರು ಕುಸ್ತಿಪಟುಗಳನ್ನೂ ಹಡಗು ಹತ್ತಿಸಿದರು. ಅಂದಿನ ಮ್ಯಾರಥಾನ್ ದೂರ 42.75 ಕಿಲೊಮೀಟರ್; ಈಗಿನದಕ್ಕಿಂತ ಉದ್ದ. ಚೌಗುಲೆಯವರು 2 ಗಂಟೆ 50 ನಿಮಿಷ 45 ಸೆಕೆಂಡುಗಳಲ್ಲಿ ಓಡಿ 19ನೆಯವರಾಗಿ ಮುಗಿಸಿದರು. ಕುಸ್ತಿಯಲ್ಲಿ ರಣಧೀರ ಶಿಂದೆ ನಾಲ್ಕನೆಯ ಸ್ಥಾನ ಪಡೆದರು. ಓಟ ಮತ್ತು ಕುಸ್ತಿ, ಎರಡೂ ಒಂದೇ ಹಡಗಿನಲ್ಲಿ ಹೋದವೆಂಬುದು ನನಗೆ ಪ್ರಿಯವಾದ ಸಂಗತಿ. 1952ರಲ್ಲಿ ಹೆಲ್ಸಿಂಕಿಯಿಂದ ಕಂಚಿನ ಪದಕ ತಂದ ಖಾಶಾಬಾ ಜಾಧವರೂ ಕೊಲ್ಹಾಪುರದ ಮಣ್ಣಿನಲ್ಲಿ ಬೆಳೆದವರು, ಗಿಡ್ಡ ಆಳು. ಎದುರಾಳಿಯ ಕೈ ಬರುವ ಮೊದಲೇ ಜಾರಿಕೊಳ್ಳುವ ಚುರುಕೇ ಅವರ ಬಂಡವಾಳವಾಗಿತ್ತು.

ಈಗ ನನ್ನ ಕಾಲದ ಗರಡಿಗೆ ಬರುವೆ. ನವಿಲುತೀರ್ಥದ ಅಣೆಕಟ್ಟು 1972ರಲ್ಲಿ ಮುಗಿಯಿತು. ಆಗ ನಾನು ಹತ್ತು ಹನ್ನೆರಡರ ಹುಡುಗ. ಗರಡಿಯ ಬಾಗಿಲು ಗಿಡ್ಡ. ಬಾಗದೆ ಒಳಗೆ ಹೋಗುವಂತಿರಲಿಲ್ಲ. ಒಳಗೆ ಕತ್ತಲು, ಹನುಮಂತದೇವರು, ಕೆಮ್ಮಣ್ಣಿನ ಅಖಾಡ. ಆ ಮಣ್ಣನ್ನು ಜರಡಿ ಹಿಡಿದು ಎಣ್ಣೆ, ಮಜ್ಜಿಗೆ, ಅರಿಸಿನ ಬೆರೆಸುತ್ತಿದ್ದರು. ಮೂಲೆಯಲ್ಲಿ ಕರೆಲಗಳು, ಕಟ್ಟಿಗೆಯ ಲೋಡು, ಗದೆ, ತೊಲೆಯಿಂದ ಇಳಿಬಿಟ್ಟ ಹಗ್ಗ. ಬಾಗಿಲ ಹೊರಗೆ ಸಂಗ್ರಾಣಿ ಕಲ್ಲು.

ನಮ್ಮ ವಸ್ತಾದರು ಓದುಬರಹ ಬಲ್ಲವರಲ್ಲ. ಮೊದಲ ವರ್ಷ ಹುಡುಗರು ಕಲ್ಲನ್ನಾಗಲಿ, ಗದೆಯನ್ನಾಗಲಿ ಮುಟ್ಟುವಂತಿರಲಿಲ್ಲ. ಸಲಿಕೆಯಿಂದ ಅಖಾಡವನ್ನು ಅಗೆಯಬೇಕು, ಅಗೆದದ್ದನ್ನು ಕಾಲಿನಿಂದ ಸಮ ಮಾಡಬೇಕು, ಹಗ್ಗ ಏರಬೇಕು, ದಂಡ ಹೊಡೆಯಬೇಕು. ಆಮೇಲೆ ಓಟ: ಗರಡಿಯಿಂದ ಬೇವಿನ ಮರದವರೆಗೆ, ಉಸಿರು ಕಟ್ಟಿ ಒಂದೇ ನೆಗೆತಕ್ಕೆ. ಓಡಿ ಬಂದವನನ್ನು ಕಟ್ಟೆಯ ಮೇಲೆ ಕುಳ್ಳಿರಿಸುತ್ತಿದ್ದರು. ಉಸಿರು ತಿರುಗಿ ಹದಕ್ಕೆ ಬರುವವರೆಗೆ ಮತ್ತೆ ಬಿಡುತ್ತಿರಲಿಲ್ಲ. ‘ದಣದು ಓಡಿದ್ರ ಸಾವಕಾಶ ಓಡೂದನ್ನ ಕಲೀತೀರಿ’ ಎಂಬುದು ಅವರ ಮಾತು. ಇಂದಿನ ತರಬೇತಿ ಶಾಸ್ತ್ರವೂ ಇದನ್ನೇ ಹೇಳುತ್ತದೆ: ವೇಗದ ಅಭ್ಯಾಸ ಚಿಕ್ಕದಾಗಿರಬೇಕು, ಪೂರ್ಣ ಬಲದ್ದಾಗಿರಬೇಕು, ನಡುವೆ ಪೂರ್ಣ ವಿಶ್ರಾಂತಿ ಬೇಕು. ಯಾರಾದರೂ ಕಲ್ಲಿನ ಕಡೆ ನೋಡಿದರೆ, ‘ಇನ್ನೂ ಎಲುಬು ಹಸಿ ಅದಾವ, ತಮ್ಮಾ. ಕಲ್ಲು ಎಲ್ಲಿಗೂ ಓಡಿ ಹೋಗೂದಿಲ್ಲ’ ಎನ್ನುತ್ತಿದ್ದರು.

ಎಲುಬು ಹಸಿ ಎಂಬ ಆ ಮಾತು ವೈದ್ಯಶಾಸ್ತ್ರಕ್ಕೆ ದೂರವಾದುದಲ್ಲ. ಬೆಳೆಯುವ ಮಕ್ಕಳ ಉದ್ದೆಲುಬುಗಳ ತುದಿಗಳಲ್ಲಿ ಇನ್ನೂ ಗಟ್ಟಿಯಾಗದ ಮೃದ್ವಸ್ಥಿಯ ಪದರವಿರುತ್ತದೆ. ಎಲುಬು ಉದ್ದವಾಗುವುದು ಅಲ್ಲಿಂದಲೇ. ಭಾರ ಎತ್ತಿದರೆ ಮಕ್ಕಳು ಗಿಡ್ಡಾಗುತ್ತಾರೆಂಬ ನಂಬಿಕೆಗೆ ಮಾತ್ರ ಆಧಾರ ಸಿಕ್ಕಿಲ್ಲ. ಬಲ್ಲವರ ಕಣ್ಗಾವಲಿನಲ್ಲಿ ಹಗುರ ಭಾರದಿಂದ ಆರಂಭಿಸಿ ಕ್ರಮವಾಗಿ ಏರಿಸಿದರೆ ಮಕ್ಕಳಿಗೆ ಬಲಸಾಧನೆ ಹಿತವೇ ಎಂದು ಇಂದಿನ ವೈದ್ಯರು ಹೇಳುತ್ತಾರೆ. ಹರೆಯಕ್ಕೆ ಬರುವ ಮುನ್ನ ಹೆಚ್ಚುವ ಬಲ ಮುಖ್ಯವಾಗಿ ಸ್ನಾಯುವಿನ ಗಾತ್ರದಿಂದ ಬಂದದ್ದಲ್ಲ, ನರಗಳು ಕಲಿತದ್ದರಿಂದ ಬಂದದ್ದು. ಕೇಡು ಇರುವುದು ಕಲಿಯದ ಮೈಯ ಮೇಲೆ ಒಮ್ಮೆಗೇ ಹೇರುವ ಪೂರ್ಣ ಭಾರದಲ್ಲಿ.

ಗರಡಿಯ ಗುಣಗಾನವನ್ನಷ್ಟೇ ಮಾಡಿದರೆ ಅದು ಇತಿಹಾಸವಾಗದು. ಸಾಮಿನ ಹೊತ್ತಿಗೆ ನೀರು ಕುಡಿಯಬಾರದೆಂಬ ಕಟ್ಟಳೆಯಿತ್ತು. ಬೇಸಿಗೆಯಲ್ಲಿ ತಲೆ ತಿರುಗಿ ಬಿದ್ದವರನ್ನು ನಾನು ಕಂಡಿದ್ದೇನೆ. ತಪ್ಪಿಗೆ ಶಿಕ್ಷೆಯಾಗಿ ನೂರಾರು ಬಸ್ಕಿ ಹೊಡೆಸುವುದು ಸಾಮಲ್ಲ, ಬರಿಯ ದಣಿವು. ಆ ಕೆಮ್ಮಣ್ಣು ಊರಿನ ಎಲ್ಲ ಓಣಿಯ ಹುಡುಗರಿಗೂ ತೆರೆದಿರಲಿಲ್ಲ; ಹೆಣ್ಣುಮಕ್ಕಳಂತೂ ಹೊಸ್ತಿಲನ್ನೂ ತುಳಿಯುವಂತಿರಲಿಲ್ಲ.

ಆ ವರ್ಷದ ಜಾತ್ರೆ. ಊರ ಹೆಸರು ಬೇಡ. ನನ್ನ ಓರಗೆಯ ಗೆಳೆಯನೊಬ್ಬ ಗರಡಿಯಲ್ಲಿ ನಮಗೆಲ್ಲ ಮುಂದಾಳು. ಬೇವಿನ ಮರವನ್ನು ಅವನಿಗಿಂತ ಮೊದಲು ಮುಟ್ಟಿದವರಿಲ್ಲ. ಅವನಿಗೆ ಹದಿನಾಲ್ಕು ತುಂಬಿರಲಿಲ್ಲ. ವಸ್ತಾದರು ಪರವೂರ ಕುಸ್ತಿಗೆ ಹೋಗಿದ್ದರು. ಕಲ್ಲನ್ನು ತಂದು ಗುಡಿಯ ಮುಂದಿಟ್ಟಿದ್ದರು. ದೊಡ್ಡವರು ಎತ್ತಿದ ಮೇಲೆ ಯಾರೋ ಗೆಳೆಯನನ್ನು ಕೆಣಕಿದರು. ಅವನು ನನ್ನ ಮುಖ ನೋಡಿದ. ಬೇಡವೆಂದಿದ್ದರೆ ಕೂತುಬಿಡುತ್ತಿದ್ದನೇನೋ, ನಾನು ‘ಎತ್ತೋ’ ಎಂದು ಕೂಗಿದೆ. ನನ್ನ ಕೂಗಿಗೆ ನೂರು ಕೂಗು ಸೇರಿದವು. ಕಲ್ಲು ಮೊಣಕಾಲಿನ ಮಟ್ಟಕ್ಕೆ ಬಂತು, ಎದೆಗೆ ಬರಲಿಲ್ಲ. ಅವನು ಹಾಗೆಯೇ ಕುಸಿದ. ಅಂದಿನಿಂದ ಅವನ ಬೆನ್ನು ನೇರವಾಗಲಿಲ್ಲ, ಓಟವೂ ಮುಗಿಯಿತು. ಮರುದಿನ ಬಂದ ವಸ್ತಾದರು ಯಾರನ್ನೂ ಬೈಯಲಿಲ್ಲ. ಇಬ್ಬರನ್ನು ಕರೆದುಕೊಂಡು ಹೋಗಿ ಕಲ್ಲನ್ನು ಉರುಳಿಸಿ ಗರಡಿಯ ಹಿತ್ತಿಲಲ್ಲಿ ಅರ್ಧ ಹೂಳಿಸಿದರು.

ಸಂಸ್ಥಾನಗಳು 1948ರಲ್ಲಿ ವಿಲೀನವಾದಾಗಲೇ ಪೈಲವಾನರ ಖುರಾಕಿಗೆ ಇದ್ದ ರಾಜಾಶ್ರಯ ಹೋಗಿತ್ತು. ಮುಂದೆ ಎಷ್ಟೋ ಗರಡಿಗಳ ಬಾಗಿಲು ಮುಚ್ಚಿತು, ನಮ್ಮದೂ ಮುಚ್ಚಿತು. ಅವುಗಳ ಸ್ಥಾನಕ್ಕೆ ಕ್ರೀಡಾ ವಸತಿನಿಲಯಗಳು ಬಂದವು. ಹೊಸ್ತಿಲ ಮಾತೂ ಬದಲಾಯಿತು. 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಕುರಾಶ್ ಎಂಬ ಉಜ್ಬೇಕ್ ಮಾದರಿಯ ಕುಸ್ತಿಯಲ್ಲಿ, 52 ಕಿಲೊ ವಿಭಾಗದಲ್ಲಿ, ಬೆಳಗಾವಿ ಜಿಲ್ಲೆಯ ಹುಡುಗಿಯೊಬ್ಬಳು ಕಂಚು ಗೆದ್ದಳು. ಹೆಸರು ಮಲಪ್ರಭಾ ಜಾಧವ್. ನಮ್ಮ ಊರ ಹೊಳೆಯ ಹೆಸರು.

ಕಳೆದ ಬೇಸಿಗೆಯಲ್ಲಿ ಆ ಗೆಳೆಯ ಕೋಲೂರಿಕೊಂಡು ನಮ್ಮ ಮನೆಗೆ ಬಂದ. ಜೊತೆಗೆ ಹದಿಮೂರು ವರ್ಷದ ಮೊಮ್ಮಗಳು. ಶಾಲೆಯ ಓಟದಲ್ಲಿ ಗೆದ್ದು ಕ್ರೀಡಾ ವಸತಿನಿಲಯಕ್ಕೆ ಆಯ್ಕೆಯಾಗಿದ್ದಳು. ಅಜ್ಜನ ಒಪ್ಪಿಗೆಯಿಲ್ಲದೆ ಮನೆಯವರು ಕಳಿಸುವಂತಿರಲಿಲ್ಲ. ‘ಅಲ್ಲಿ ಓಡೋ ಹುಡುಗ್ಯಾರಿಗೂ ಭಾರ ಎತ್ತಸ್ತಾರಂತ. ನೀ ಓದಿದಾಂವ. ಏನ್ ಮಾಡ್ಲಿ, ಹೇಳು’ ಎಂದ. ಅವನಿಗೆ ಸಲಹೆ ಕೊಡುವ ಅಧಿಕಾರ ನನಗಿಲ್ಲವೆಂದು ನನ್ನಷ್ಟು ಬಲ್ಲವರಾರು? ಸೋಮೇಶ್ವರನ ಭವಿಷ್ಣುವಿನ ಮಾತನ್ನು ಹೇಳಿದೆ, ವೈದ್ಯರ ಮಾತನ್ನೂ ಹೇಳಿದೆ. ಕೊನೆಗೆ ಇಬ್ಬರೂ ಕೂಡಿ ಬಸ್ಸಿನಲ್ಲಿ ಹೋಗಿ ಅಲ್ಲಿಯ ತರಬೇತುದಾರನನ್ನು ಕಂಡೆವು. ನಮ್ಮ ಮಕ್ಕಳ ವಯಸ್ಸಿನವನು. ಗೆಳೆಯ ಬೇರೇನನ್ನೂ ಕೇಳಲಿಲ್ಲ.

‘ಮದಲ ವರ್ಷ ಏನ್ ಎತ್ತಸ್ತೀರಿ, ಸರ್?’

‘ಮದಲ ಆರು ತಿಂಗಳ ಬರೀ ಕಟ್ಟಿಗಿ ಕೋಲು, ಅಜ್ಜಾರ. ಕೂಡೂದು, ಏಳೂದು, ಜಿಗಿಯೂದು ಕಲಸ್ತೀವಿ. ಭಾರದ ಮಾತು ಆಮ್ಯಾಲ.’

ಗೆಳೆಯ ಕನ್ನಡಕವನ್ನು ಒರೆಸಿಕೊಂಡು ಅರ್ಜಿಗೆ ಸಹಿ ಹಾಕಿದ. ಪೆನ್ನು ನನ್ನದು, ಮರಳಿ ಬರುವಾಗ ಅವನ ಕಿಸೆಯಲ್ಲಿಯೇ ಉಳಿಯಿತು.